ಗಾಂಧೀಜಿಯವರ ನಡಿಗೆಯೂ ಬುತ್ತಿಯೂ

ಆಷಾಢ ಬಂತೆಂದರೆ ನಮ್ಮ ಸೀಮೆಯ ದಾರಿಗಳೆಲ್ಲ ಪಂಢರಪುರದ ಕಡೆಗೆ ಮುಖ ಮಾಡುತ್ತವೆ. ನಂದೇಶ್ವರದಂಥ ಹಳ್ಳಿಗಳಿಂದಲೂ, ಮಂಗಳವೇಢೆ, ಜತ್ತ, ಅಕ್ಕಲಕೋಟೆಗಳ ಕಡೆಯಿಂದಲೂ ಜನ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಯುಗಾದಿಯ ಮುಂದೆ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಅವರ ಹೆಗಲ ಗಂಟನ್ನು ಬಿಚ್ಚಿ ನೋಡಿದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಒಂದು ತುಂಡು ಬೆಲ್ಲ ಕಾಣಸಿಗುತ್ತವೆ. ಯಾವ ವೈದ್ಯರನ್ನೂ ಕೇಳದೆ ನಮ್ಮ ಅಜ್ಜ ಅಜ್ಜಿಯರು ಗೊತ್ತು ಮಾಡಿಕೊಂಡ ಬುತ್ತಿ ಅದು.

ಶಾಲೆಯ ಕ್ರೀಡಾಕೂಟದ ದಿನ ಮಾತ್ರ ಈ ತಿಳಿವಳಿಕೆ ನಮಗೆ ಮರೆತುಹೋಗುತ್ತದೆ. ಉದ್ದ ಓಟಕ್ಕೆ ನಿಂತ ಹುಡುಗರಲ್ಲಿ ಒಬ್ಬ ಬೆಳಿಗ್ಗೆ ಏನನ್ನೂ ತಿನ್ನದೆ ಬಂದಿರುತ್ತಾನೆ; ಇನ್ನೊಬ್ಬ, ಮಗ ಓಡುತ್ತಾನೆಂದು ತಾಯಿ ಪ್ರೀತಿಯಿಂದ ಬಡಿಸಿದ್ದನ್ನೆಲ್ಲ ಉಂಡು ಬಂದಿರುತ್ತಾನೆ. ಮೂರನೆಯ ಸುತ್ತಿಗೆ ಇಬ್ಬರೂ ಪಕ್ಕೆ ಹಿಡಿದುಕೊಂಡು ಒಂದೇ ಕಡೆ ನಿಲ್ಲುತ್ತಾರೆ. ಆದ್ದರಿಂದ ಈ ವರ್ಷದ ಸಂಚಿಕೆಯಲ್ಲಿ, ಏನು ತಿಂದರೆ ಎಷ್ಟು ದೂರ ನಡೆಯಬಹುದು ಎಂಬುದನ್ನು ಜೀವನವಿಡೀ ತಮ್ಮ ಕಾಲುಗಳ ಮೇಲೆಯೇ ಪರೀಕ್ಷಿಸಿ ನೋಡಿದ ಒಬ್ಬರ ಕಥೆಯನ್ನು ಹೇಳಬೇಕೆಂದು ನಾವು ಯೋಚಿಸಿದೆವು. ಅವರು ಮಹಾತ್ಮಾ ಗಾಂಧೀಜಿಯವರು. ಅವರ ರಾಜಕಾರಣದ ಕಥೆ ಪಠ್ಯಪುಸ್ತಕಗಳಲ್ಲಿ ಬಂದಿದೆ. ನಾವು ಇಲ್ಲಿ ಅವರ ಕಾಲು ಮತ್ತು ಹೊಟ್ಟೆಗಳ ಕಥೆಯನ್ನಷ್ಟೇ ಹೇಳುತ್ತೇವೆ.

ಮೋಹನದಾಸ ಕರಮಚಂದ ಗಾಂಧಿಯವರು ೧೮೬೯ನೆಯ ಇಸವಿ ಅಕ್ಟೋಬರ ೨ರಂದು ಪೋರಬಂದರಿನಲ್ಲಿ ಹುಟ್ಟಿದರು. ರಾಜಕೋಟೆಯ ಹೈಸ್ಕೂಲಿನಲ್ಲಿ ಓದುವಾಗ ಅವರಿಗೆ ಆಟವೆಂದರೆ ಆಗುತ್ತಿರಲಿಲ್ಲ. ಕ್ರಿಕೆಟ್ಟಿಗೂ ಹೋಗುತ್ತಿರಲಿಲ್ಲ, ಕಸರತ್ತಿಗೂ ಮನಸ್ಸಿರಲಿಲ್ಲ. ನಾಚಿಕೆಯ ಸ್ವಭಾವ. ಆದರೆ ಬಯಲುಗಾಳಿಯಲ್ಲಿ ದೂರ ನಡೆಯುವುದು ಮೈಗೆ ಒಳ್ಳೆಯದೆಂದು ಯಾವುದೋ ಪುಸ್ತಕದಲ್ಲಿ ಓದಿ, ಅದು ಮನಸ್ಸಿಗೆ ಹಿಡಿಸಿ, ತಿರುಗಾಟದ ರೂಢಿ ಮಾಡಿಕೊಂಡರು. ಆ ರೂಢಿ ಕಡೆಯ ದಿನದವರೆಗೂ ಬಿಡಲಿಲ್ಲ. ಆಟದಲ್ಲಿ ಹಿಂದೆ ಬೀಳುವ ಮಕ್ಕಳ ತಂದೆತಾಯಿಗಳು ಈ ಸಂಗತಿಯನ್ನು ನೆನಪಿನಲ್ಲಿಡಬೇಕೆಂದು ನಮ್ಮ ಬಿನ್ನಹ.

ಅದೇ ಕಾಲದಲ್ಲಿ ಅವರಿಗೊಬ್ಬ ಗೆಳೆಯನಿದ್ದ. ಬಹು ದೂರ, ಬಹು ಬೇಗ ಓಡಬಲ್ಲವನು. ಎತ್ತರ ಜಿಗಿತ, ಉದ್ದ ಜಿಗಿತಗಳಲ್ಲಿ ನಿಪುಣ. ತಾನು ಇಷ್ಟು ಓಡುವುದು ಮಾಂಸ ತಿನ್ನುವುದರಿಂದಲೇ ಎಂದು ಅವನು ಮೋಹನದಾಸನಿಗೆ ಹೇಳಿಕೊಟ್ಟ. ಇಂಗ್ಲಿಷರು ನಮ್ಮನ್ನು ಆಳುವುದಕ್ಕೂ ಅದೇ ಕಾರಣವೆಂದು ಸೇರಿಸಿದ. ಕತ್ತಲೆಗೆ ಹೆದರುತ್ತಿದ್ದ, ಮೈಯಲ್ಲಿ ಸೊರಗಿದ್ದ ಹುಡುಗನಿಗೆ ಈ ಮಾತು ಸರಿಯೆಂದೇ ತೋರಿತು. ವೈಷ್ಣವ ಮನೆತನದ ಹುಡುಗ ತಂದೆತಾಯಿಗಳಿಗೆ ತಿಳಿಯದಂತೆ, ನದಿಯ ದಂಡೆಯ ಒಂದು ಏಕಾಂತ ಸ್ಥಳದಲ್ಲಿ ಮೊದಲ ಬಾರಿ ಆಡಿನ ಮಾಂಸ ತಿಂದ. ಆ ರಾತ್ರಿ ಹೊಟ್ಟೆಯೊಳಗೆ ಜೀವಂತ ಆಡು ಕೂಗಿದಂತಾಗಿ ನಿದ್ದೆ ಬರಲಿಲ್ಲ. ಸುಮಾರು ಒಂದು ವರ್ಷದಲ್ಲಿ ಐದಾರು ಬಾರಿ ಹೀಗೆ ನಡೆಯಿತು. ಮನೆಯಲ್ಲಿ ಸುಳ್ಳು ಹೇಳಬೇಕಾಗಿ ಬಂದದ್ದೇ ತಡೆಯಲಾರದೆ ಅದನ್ನು ಬಿಟ್ಟರು. ಓಟ ಮಾತ್ರ ಒಂದಿಷ್ಟೂ ಹೆಚ್ಚಲಿಲ್ಲ. ಗೆಳೆಯ ಓಡುತ್ತಿದ್ದದ್ದು ಓಡಿ ಓಡಿ ಪಳಗಿದ್ದರಿಂದ ಎಂಬುದು ಈಗ ನಮಗೆ ಹೇಳಲು ಸುಲಭ. ಮಾಂಸ ತಿನ್ನುವವರಲ್ಲಿಯೂ ತಿನ್ನದವರಲ್ಲಿಯೂ ದೊಡ್ಡ ಓಟಗಾರರು ಆಗಿಹೋಗಿದ್ದಾರೆ.

೧೮೮೮ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಬ್ಯಾರಿಸ್ಟರ್ ಆಗಲು ಲಂಡನ್ನಿಗೆ ಹಡಗು ಹತ್ತಿದರು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಅಲ್ಲಿ ಹಸಿವೆಯೇ ಹಸಿವೆ. ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಉಪ್ಪು ಖಾರವಿಲ್ಲದ ಬೇಯಿಸಿದ ಸೊಪ್ಪು, ಎರಡು ಮೂರು ತುಂಡು ಬ್ರೆಡ್ಡು. ಇನ್ನೂ ಬೇಕೆಂದು ಕೇಳಲು ನಾಚಿಕೆ. ಹೊಟ್ಟೆ ತುಂಬುವ ಜಾಗವನ್ನು ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲು ತಿರುಗುತ್ತಿದ್ದರು. ಹೀಗೆ ತಿರುಗುತ್ತಿರುವಾಗಲೇ ಒಂದು ದಿನ ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರದ ಖಾನಾವಳಿಯೊಂದು ಕಣ್ಣಿಗೆ ಬಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಅವರು ಮೊದಲ ಸಲ ಹೊಟ್ಟೆ ತುಂಬ ಉಂಡದ್ದು ಅಲ್ಲಿಯೇ.

ಆ ಮೇಲೆ ಖರ್ಚು ಕಡಿಮೆ ಮಾಡಬೇಕೆಂದು, ಕೆಲಸದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಕೋಣೆ ಹಿಡಿದರು. ಗಾಡಿಯ ಬಾಡಿಗೆ ಉಳಿಯಿತು. ದಿನಕ್ಕೆ ಎಂಟು ಹತ್ತು ಮೈಲು ನಡಿಗೆಯೂ ಆಯಿತು. ಕಡೆಕಡೆಗೆ ದಿನದ ಊಟದ ಖರ್ಚನ್ನು ಒಂದು ಷಿಲ್ಲಿಂಗ್ ಮೂರು ಪೆನ್ಸಿಗೆ ಇಳಿಸಿದರು. ಇಂಗ್ಲೆಂಡಿನ ಚಳಿಯಲ್ಲಿ ಕಾಯಿಲೆ ಬೀಳದೆ ಉಳಿದದ್ದು ಈ ನಡಿಗೆಯಿಂದಲೇ ಎಂದು ಅವರು ಕೊನೆಯವರೆಗೂ ನಂಬಿದ್ದರು. ಊರಿನಲ್ಲಿ ಸೊರಗಿದ್ದ ಮೈ ಅಲ್ಲಿ ಗಟ್ಟಿಯಾಯಿತು.

೧೮೯೩ರಲ್ಲಿ ವಕೀಲಿಗೆಂದು ದಕ್ಷಿಣ ಆಫ್ರಿಕಾಕ್ಕೆ ಹೋದವರು ಅಲ್ಲಿಯೇ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಳೆದರು. ಅವರ ನಡಿಗೆಯ ಹರೆಯ ಆ ದೇಶದಲ್ಲಿಯೇ ಕಳೆಯಿತೆನ್ನಬೇಕು. ೧೯೧೦ರಲ್ಲಿ ಅವರ ಗೆಳೆಯ ಕ್ಯಾಲನ್‌ಬಾಕ್ ಎಂಬುವರು ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ೧೧೦೦ ಎಕರೆ ಜಮೀನು ಬಿಟ್ಟುಕೊಟ್ಟರು. ಅದಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರಾಯಿತು. ಜೋಹಾನ್ಸ್‌ಬರ್ಗ್ ಪಟ್ಟಣಕ್ಕೆ ಅಲ್ಲಿಂದ ೨೧ ಮೈಲು, ಎಂದರೆ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಇರುವುದಕ್ಕಿಂತ ಸ್ವಲ್ಪ ಕಡಿಮೆ. ಆಶ್ರಮದ ಕೆಲಸವಿದ್ದರೆ ಮೂರನೆಯ ದರ್ಜೆಯ ರೈಲು; ತಿರುಗಾಡಲು, ಊರು ನೋಡಲು ಹೋಗುವವರು ನಡೆದೇ ಹೋಗಬೇಕು, ಬುತ್ತಿಯನ್ನು ಆಶ್ರಮದಿಂದಲೇ ಕಟ್ಟಿಕೊಂಡು ಹೋಗಬೇಕು, ಪಟ್ಟಣದಲ್ಲಿ ಕಾಸು ಖರ್ಚು ಮಾಡಬಾರದು ಎಂದು ನಿಯಮವಾಯಿತು. ನಡೆಯುವವರು ರಾತ್ರಿ ಎರಡು ಗಂಟೆಗೆ ಎದ್ದು ಎರಡೂವರೆಗೆ ಹೊರಡುತ್ತಿದ್ದರು. ಆರೇಳು ಗಂಟೆಯಲ್ಲಿ ಪಟ್ಟಣ ಮುಟ್ಟುವುದು ವಾಡಿಕೆ. ಎಲ್ಲರಿಗಿಂತ ಬೇಗ ಮುಟ್ಟಿದ ದಾಖಲೆ ೪ ಗಂಟೆ ೧೮ ನಿಮಿಷ. ಅದನ್ನು ನಡಿಗೆ ಎನ್ನಬೇಕೋ ಓಟ ಎನ್ನಬೇಕೋ ನಮಗೆ ತಿಳಿಯದು. ತಾಸಿಗೆ ಹತ್ತಿರ ಹತ್ತಿರ ೮ ಕಿಲೋಮೀಟರಾಯಿತು.

ಅವರ ಬುತ್ತಿಯಲ್ಲಿ ಏನಿತ್ತೆಂದು ಕೇಳಿದರೆ ನಮ್ಮ ತಾಯಂದಿರಿಗೆ ಸಂತೋಷವಾದೀತು. ಕಬ್ಬಿಣದ ಕೈಬೀಸುವ ಗಿರಣಿಯಲ್ಲಿ ಬೀಸಿದ, ತೌಡು ತೆಗೆಯದ ಗೋದಿಹಿಟ್ಟಿನ ರೊಟ್ಟಿ. ಹುರಿದು ಅರೆದ ಶೇಂಗಾ. ತೋಟದ ಕಿತ್ತಳೆಯಿಂದ ಮಾಡಿದ ಮುರಬ್ಬ. ಪೇಟೆಯ ಬೆಣ್ಣೆಗಿಂತ ಶೇಂಗಾದ ಬೆಣ್ಣೆ ನಾಲ್ಕು ಪಟ್ಟು ಸೋವಿ ಬೀಳುತ್ತಿತ್ತು. ಖಾರವೊಂದನ್ನು ಬಿಟ್ಟರೆ ನಮ್ಮ ಸೊಲ್ಲಾಪುರದ ಶೇಂಗಾ ಚಟ್ನಿ ರೊಟ್ಟಿಗೂ ಅದಕ್ಕೂ ಬಹಳ ಅಂತರವಿಲ್ಲ.

ಅಲ್ಲಿದ್ದಾಗ ೧೯೧೨ರಲ್ಲಿ ಗಾಂಧೀಜಿಯವರು ಹಾಲನ್ನು ಬಿಟ್ಟರು. ಸ್ವಲ್ಪ ದಿನಕ್ಕೆ ಬೇಯಿಸಿದ್ದನ್ನೂ ಬಿಟ್ಟು ಹಸಿ ಶೇಂಗಾ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆ ಇಷ್ಟರ ಮೇಲೆಯೇ ನಿಂತರು. ಶಕ್ತಿ ಕುಗ್ಗಲಿಲ್ಲ. ಆ ಕಾಲದಲ್ಲಿ ಒಂದು ದಿನಕ್ಕೆ ೪೦ ಮೈಲು ನಡೆಯುವುದು ಅವರಿಗೆ ಮಾಮೂಲಾಗಿತ್ತು. ಒಮ್ಮೆ ಒಂದೇ ದಿನದಲ್ಲಿ ೫೫ ಮೈಲು ನಡೆದರು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗಿ, ಹಿಂದಿರುಗಿ ಬಂದು, ಇನ್ನೂ ಸ್ವಲ್ಪ ಮುಂದೆ ಹೋದ ಹಾಗೆ. ಆಗ ಅವರ ವಯಸ್ಸು ನಾಲ್ವತ್ತು ದಾಟಿತ್ತು. ಇದೆಲ್ಲ ಕಂಡು, ಮನುಷ್ಯನಿಗೆ ಹಾಲು ಬೇಕಾಗಿಯೇ ಇಲ್ಲವೆಂಬ ನಂಬಿಕೆ ಅವರಲ್ಲಿ ಗಟ್ಟಿಯಾಯಿತು. ಆ ನಂಬಿಕೆ ಮುಂದೆ ಪ್ರಾಣಕ್ಕೆ ಬರುವುದಿತ್ತು.

ಅದಕ್ಕೆ ಮೊದಲು ೧೯೧೩ರ ದೊಡ್ಡ ಮೆರವಣಿಗೆಯ ಮಾತು. ಗಣಿಗಳ ಕೂಲಿಕಾರರು ಮುಷ್ಕರ ಹೂಡಿ, ಗಾಂಧೀಜಿಯವರೊಡನೆ ಟ್ರಾನ್ಸ್‌ವಾಲಿನ ಗಡಿ ದಾಟಲು ಹೊರಟರು. ನವೆಂಬರ ೬ರಂದು ಹೊರಟವರು ೨೦೩೭ ಗಂಡಸರು, ೧೨೭ ಹೆಂಗಸರು, ೫೭ ಮಕ್ಕಳು. ಇವರಿಗೆಲ್ಲ ಅನ್ನ ಎಲ್ಲಿಂದ? ಗಡಿಯ ಈಚೆ ಚಾರ್ಲ್ಸ್‌ಟೌನಿನಲ್ಲಿ ಇದ್ದಷ್ಟು ದಿನ ಅಕ್ಕಿ ಬೇಳೆ ಬೇಯಿಸಿ ಹಾಕಿದರು. ಮುಖ್ಯ ಅಡಿಗೆಯವರು ಗಾಂಧೀಜಿಯವರೇ. ಒಂದು ದಿನ ಬೇಳೆಗೆ ನೀರು ಹೆಚ್ಚಾದರೆ ಇನ್ನೊಂದು ದಿನ ಬೇಳೆಯೇ ಬೆಂದಿರುತ್ತಿರಲಿಲ್ಲ. ಜನ ಸಂತೋಷದಿಂದಲೇ ಉಂಡರು. ನಡಿಗೆ ಶುರುವಾದ ಮೇಲೆ ಒಬ್ಬರಿಗೆ ದಿನಕ್ಕೆ ಒಂದೂವರೆ ಪೌಂಡು ಬ್ರೆಡ್ಡು, ಒಂದು ಔನ್ಸು ಸಕ್ಕರೆ. ದಿನಕ್ಕೆ ಇಪ್ಪತ್ತು ಮೈಲಿಗೂ ಮಿಕ್ಕಿ ನಡೆಯಬೇಕಾದ ಗಣಿಕಾರನಿಗೆ ಇದು ಏನೂ ಬಹಳವಲ್ಲ. ವೋಕ್ಸ್‌ರಸ್ಟ್ ಊರಿನ ಒಬ್ಬ ಬಿಳಿಯ ಬೇಕರಿಯವನು ಒಳ್ಳೆಯ ಹಿಟ್ಟಿನ ಬ್ರೆಡ್ಡನ್ನು ಪೇಟೆಯ ದರಕ್ಕೇ ರೈಲಿನ ಮೂಲಕ ಹೊತ್ತಿಗೆ ಸರಿಯಾಗಿ ಕಳಿಸಿಕೊಟ್ಟ. ನಾಲ್ಕು ದಿನಗಳಲ್ಲಿ ಗಾಂಧೀಜಿಯವರನ್ನು ಮೂರು ಬಾರಿ ಬಂಧಿಸಿದರು. ನವೆಂಬರ ೧೦ರಂದು ಉಳಿದವರನ್ನು ರೈಲು ಹತ್ತಿಸಿ ಹಿಂದಕ್ಕೆ ಕಳಿಸಿದರು. ಸಾವಿರಾರು ಜನರನ್ನು ನಡೆಸುವವನು ಮೊದಲು ಅವರ ಬುತ್ತಿಯ ಲೆಕ್ಕ ಹಾಕಬೇಕೆಂಬುದನ್ನು ಅವರು ಅಲ್ಲಿ ಕಲಿತರು.

ಈಗ ೧೯೧೮ಕ್ಕೆ ಬರೋಣ. ಗಾಂಧೀಜಿಯವರು ಭಾರತಕ್ಕೆ ಹಿಂದಿರುಗಿ ಮೂರು ವರ್ಷಗಳಾಗಿದ್ದವು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಜನರಿಗೆ ಆ ಕೆಲಸ ಹಿಡಿಸಿರಲಿಲ್ಲವಾದ್ದರಿಂದ ಹಿಂದೆ ಎತ್ತಿನ ಬಂಡಿ ಕೊಟ್ಟಿದ್ದ ಹಳ್ಳಿಗಳಲ್ಲಿ ಈಗ ಬಂಡಿ ಸಿಗಲಿಲ್ಲ, ಊಟಕ್ಕೂ ಕರೆಯಲಿಲ್ಲ. ಹೆಗಲ ಚೀಲದಲ್ಲಿ ತಮ್ಮ ಆಹಾರ ಹೊತ್ತುಕೊಂಡು ದಿನಕ್ಕೆ ಇಪ್ಪತ್ತು ಮೈಲಿನಷ್ಟು ನಡೆಯಬೇಕಾಯಿತು. ತಿನ್ನುತ್ತಿದ್ದದ್ದು ಮುಖ್ಯವಾಗಿ ಶೇಂಗಾದ ಬೆಣ್ಣೆ ಮತ್ತು ನಿಂಬೆಹಣ್ಣು. ದಕ್ಷಿಣ ಆಫ್ರಿಕಾದಲ್ಲಿ ನಡೆದದ್ದು ಇಲ್ಲೇಕೆ ನಡೆಯಬಾರದು ಎಂದುಕೊಂಡರು. ಆದರೆ ವಯಸ್ಸು ೪೯ಕ್ಕೆ ಬಂದಿತ್ತು, ಗುಜರಾತಿನ ಹವೆ ಬೇರೆ, ಹಣ್ಣು ಹಂಪಲಗಳ ಸಮೃದ್ಧಿಯೂ ಇರಲಿಲ್ಲ. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಹಿತಮಿತವಾಗಿ ತಿಂದರೆ ಬಲ, ಅದನ್ನೇ ಊಟ ಮಾಡಿಕೊಂಡರೆ ಹೊಟ್ಟೆಗೆ ಭಾರ. ಅತಿಯಾಗುತ್ತಿದೆಯೆಂದು ಗೊತ್ತಿದ್ದೂ ತಿಂದೆನೆಂದು ಅವರೇ ಒಪ್ಪಿಕೊಂಡಿದ್ದಾರೆ. ಸಣ್ಣಗೆ ಆಮಶಂಕೆ ಶುರುವಾಯಿತು.

ಒಂದು ಹೊತ್ತು ಉಪವಾಸ ಬಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಆಶ್ರಮದಲ್ಲಿ ಅಂದು ಹಬ್ಬ. ಕಸ್ತೂರಬಾ ಅವರು ನಮ್ಮ ಗೋದಿ ಹುಗ್ಗಿಯಂಥ ಸಿಹಿಯನ್ನು ತುಪ್ಪ ಬಳಸದೆ ಎಣ್ಣೆಯಲ್ಲಿ ಮಾಡಿಟ್ಟಿದ್ದರು. ಜೊತೆಗೆ ಬೋಗುಣಿ ತುಂಬ ಇಡಿ ಹೆಸರುಕಾಳು. ಗಾಂಧೀಜಿಯವರಿಗೆ ಇವೆರಡೂ ಪ್ರಿಯ. ಹೆಂಡತಿಯ ಮನಸ್ಸು ನೋಯಬಾರದೆಂದೂ, ತಮ್ಮ ನಾಲಗೆಯ ಆಸೆಗೂ ಸೋತು ಹೊಟ್ಟೆ ತುಂಬ ಉಂಡರು. ಒಂದು ತಾಸಿನೊಳಗೆ ರೋಗ ಉಲ್ಬಣಿಸಿತು. ಆ ರಾತ್ರಿ ನಡಿಯಾದಿಗೆ ಹೋಗಲೇಬೇಕಿತ್ತು. ಸಾಬರಮತಿ ಸ್ಟೇಶನ್ನಿಗೆ ಆಶ್ರಮದಿಂದ ಹತ್ತು ಫರ್ಲಾಂಗು, ಒಂದೂಕಾಲು ಮೈಲು. ೫೫ ಮೈಲು ನಡೆದ ಕಾಲುಗಳಿಗೆ ಆ ಒಂದೂಕಾಲು ಮೈಲು ಬಹು ಕಷ್ಟವಾಯಿತು.

ಮುಂದಿನ ದಿನಗಳು ಗಂಡಾಂತರದವು. ಒಂದೇ ಹಗಲು ರಾತ್ರಿಯಲ್ಲಿ ಮೂವತ್ತು ನಾಲ್ವತ್ತು ಬಾರಿ ಭೇದಿ. ಔಷಧ ಒಲ್ಲೆ, ಚುಚ್ಚುಮದ್ದು ಒಲ್ಲೆ, ಹಾಲಂತೂ ಒಲ್ಲವೇ ಒಲ್ಲೆ. ಇನ್ನು ಉಳಿಯುವುದಿಲ್ಲವೆಂದು ಅವರೇ ತಿಳಿದು, ಆಶ್ರಮದವರಿಗೆ ಕಡೆಯ ಮಾತು ಹೇಳುವ ತನಕ ಬಂದಿತು. ಜೀವ ಉಳಿಯಿತಾದರೂ ತಿಂಗಳುಗಟ್ಟಲೆ ಹಾಸಿಗೆ ಬಿಡಲಾಗಲಿಲ್ಲ. ಮುಂಬಯಿಯ ಡಾಕ್ಟರ ದಲಾಲರು ಹಾಲು ಕುಡಿಯದೆ ಮೈ ತುಂಬದೆಂದು ಖಂಡಿತವಾಗಿ ಹೇಳಿದರು. ಹಸು ಎಮ್ಮೆಗಳನ್ನು ಹಿಂಸಿಸಿ ಹಾಲು ಹಿಂಡುವುದನ್ನು ಕೇಳಿ ತಾವು ಹಾಲು ಬಿಟ್ಟದ್ದೆಂದು ಗಾಂಧೀಜಿಯವರು ವಿವರಿಸಿದಾಗ, ಮಂಚದ ಪಕ್ಕದಲ್ಲಿದ್ದ ಕಸ್ತೂರಬಾ ಅವರು ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ ಎಂದು ಕೇಳಿಬಿಟ್ಟರು. ದೊಡ್ಡ ದೊಡ್ಡ ವೈದ್ಯರಿಗೆ ಹೊಳೆಯದ ದಾರಿ ಓದು ಬರಹ ಅಷ್ಟಾಗಿ ತಿಳಿಯದ ಆ ತಾಯಿಗೆ ಹೊಳೆಯಿತು. ಗಾಂಧೀಜಿಯವರು ಒಪ್ಪಿದರು. ವ್ರತದ ಅಕ್ಷರ ಉಳಿದು ಆತ್ಮ ಹೋಯಿತೆಂಬ ಕೊರಗು ಅವರಿಗೆ ಕೊನೆತನಕ ಇತ್ತು. ಮೈ ಮಾತ್ರ ಚೇತರಿಸಿಕೊಂಡಿತು. ಅಂದಿನಿಂದ ಆಡಿನ ಹಾಲು ಅವರನ್ನು ಬಿಡಲಿಲ್ಲ.

ಈ ಪ್ರಸಂಗದಲ್ಲಿ ನಮಗೆ ಬಹಳ ಹಿಡಿಸಿದ್ದು ಆ ಮೇಲೆ ಅವರು ಮಾಡಿದ ಕೆಲಸ. ಹಾಲು ಬೇಡವೆಂದು ತಾವು ಹಿಂದೆ ಬರೆದ ಪುಸ್ತಕವನ್ನು ನಂಬಿ ಹಾಲು ಬಿಟ್ಟವರು ಇದ್ದರಲ್ಲ, ಅವರಿಗೆಲ್ಲ ಆತ್ಮಕಥೆಯಲ್ಲಿ ಎಚ್ಚರಿಕೆ ಕೊಟ್ಟರು. ಪ್ರಯೋಜನ ಕಾಣದಿದ್ದರೆ, ಅನುಭವಸ್ಥ ವೈದ್ಯರು ಹೇಳದಿದ್ದರೆ ಆ ಪ್ರಯೋಗವನ್ನು ಮುಂದುವರಿಸಬಾರದೆಂದು ಸ್ಪಷ್ಟವಾಗಿ ಬರೆದರು. ಹಾಲಿಗೆ ಸಮನಾದ ಸಸ್ಯವಸ್ತು ತಮಗೆ ಸಿಕ್ಕಿಲ್ಲವೆಂದೂ ಒಪ್ಪಿಕೊಂಡರು. ಅವರಿಗೆ ಬಂದದ್ದು ಆಮಶಂಕೆ, ಅದು ಬೇರೆ ಮಾತು. ಆದರೂ ಹಾಲಿನಲ್ಲಿ ಪ್ರೋಟೀನಿನ ಜೊತೆಗೆ ಬಿ-೧೨ ಎಂಬ ಜೀವಸತ್ವವಿದೆ. ರಕ್ತಕ್ಕೂ ನರಗಳಿಗೂ ಬೇಕಾದ ಅದು ಕಾಳು, ಸೊಪ್ಪು, ಹಣ್ಣುಗಳಲ್ಲಿ ಸಿಗುವುದಿಲ್ಲ. ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದು ೧೯೪೮ರಲ್ಲಿ. ಗಾಂಧೀಜಿಯವರು ಆ ವರ್ಷದ ಮೊದಲಲ್ಲೇ ತೀರಿಕೊಂಡರು.

ಮೈಯ ಯಂತ್ರದ ವಿಷಯ ಇಲ್ಲಿಯೇ ನಾಲ್ಕು ಮಾತು ಹೇಳಿಬಿಡುತ್ತೇವೆ. ಜೋಳ, ಗೋದಿ, ಅಕ್ಕಿಗಳ ಪಿಷ್ಟ ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಹೆಚ್ಚಾದದ್ದು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡಲ್ಪಡುತ್ತದೆ. ನಿಧಾನವಾಗಿ ನಡೆಯುವಾಗ ಮೈ ಹೆಚ್ಚಾಗಿ ಕೊಬ್ಬನ್ನು ಉರಿಸುತ್ತದೆ. ವೇಗ ಹೆಚ್ಚಿದಂತೆ ಈ ಕೂಡಿಟ್ಟ ಪಿಷ್ಟಕ್ಕೆ ಕೈ ಹಾಕುತ್ತದೆ. ಅದು ತೀರಿದ ಓಟಗಾರನಿಗೆ ಕಾಲು ಸೀಸದಂತಾಗುತ್ತದೆ. ಪಿಷ್ಟ ಹೆಚ್ಚಿರುವ ಊಟ ಉಂಡವರು ಹೆಚ್ಚು ಹೊತ್ತು ದಣಿಯದೆ ದುಡಿಯುತ್ತಾರೆಂದು ಸ್ಕ್ಯಾಂಡಿನೇವಿಯಾದ ವಿಜ್ಞಾನಿಗಳು ೧೯೩೯ರಲ್ಲಿ ತೋರಿಸಿದರು. ೧೯೬೦ರ ದಶಕದಲ್ಲಿ ಸ್ನಾಯುವಿನಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷಿಸಿ ಕಾರಣವನ್ನೂ ಕಂಡುಕೊಂಡರು. ೫೦ ಕಿಲೋ ತೂಕದವನು ೨೦ ಕಿಲೋಮೀಟರು ನಡೆದರೆ ಸುಮಾರು ೭೦೦-೮೦೦ ಕ್ಯಾಲೊರಿ ಖರ್ಚಾಗುತ್ತದೆ. ನೂರು ಗ್ರಾಂ ಜೋಳದ ಹಿಟ್ಟಿನ ಒಂದು ದಪ್ಪ ರೊಟ್ಟಿಯಲ್ಲಿ ಮುನ್ನೂರೈವತ್ತರ ಹತ್ತಿರ ಸಿಗುತ್ತದೆ. ಎರಡು ರೊಟ್ಟಿ, ಮೇಲೆ ಒಂದಿಷ್ಟು ಹಿಂಡಿಯಾದರೆ ಲೆಕ್ಕ ಸರಿಹೋಯಿತು.

೧೯೨೭ರ ಮೊದಲಲ್ಲಿ ಗಾಂಧೀಜಿಯವರು ಖಾದಿ ಪ್ರವಾಸದಲ್ಲಿ ನಮ್ಮ ಸೊಲ್ಲಾಪುರಕ್ಕೂ ಬಂದಿದ್ದರು. ಆ ಪ್ರವಾಸದಲ್ಲಿಯೇ, ಮಾರ್ಚಿನಲ್ಲಿ, ನಿಪ್ಪಾಣಿಯ ಹತ್ತಿರ ರಕ್ತದೊತ್ತಡ ಏರಿ ಕಾಯಿಲೆ ಬಿದ್ದರು. ಅದಕ್ಕೆ ಊಟ ಕಾರಣವಲ್ಲ, ಮಿತಿಮೀರಿದ ದುಡಿಮೆ ಕಾರಣ. ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಎದ್ದರು.

ಮೂರು ವರ್ಷಗಳ ಮೇಲೆ, ೧೯೩೦ರ ಮಾರ್ಚ ೧೨ರಂದು, ಸಾಬರಮತಿಯಿಂದ ದಾಂಡಿಗೆ ಹೊರಟರು. ಅವರಿಗೆ ಆಗ ೬೧ನೆಯ ವರ್ಷ ನಡೆಯುತ್ತಿತ್ತು. ದಾರಿ ೨೪೧ ಮೈಲು. ಹೆಚ್ಚುಕಡಿಮೆ ಸೊಲ್ಲಾಪುರದಿಂದ ಮುಂಬಯಿಗೆ ಇರುವಷ್ಟು. ಸಂಗಡ ೭೮ ಜನ. ಕರ್ನಾಟಕದಿಂದ ಇದ್ದವರು ಒಬ್ಬರೇ: ಧಾರವಾಡ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು, ೧೮ ವರ್ಷದ ತರುಣ. ಮುಂದೆ ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು ಇವರೇ. ಜೋಳದ ರೊಟ್ಟಿಯ ನಾಡಿನಿಂದ ಹೋದ ಹುಡುಗ ಗುಜರಾತಿನ ಬುತ್ತಿಯ ಮೇಲೆ ಅಷ್ಟು ದೂರ ನಡೆದ.

ಹೊರಡುವ ಮೊದಲೇ ಗಾಂಧೀಜಿಯವರು ದಾರಿಯ ಹಳ್ಳಿಗಳವರಿಗಾಗಿ ಊಟದ ಪಟ್ಟಿಯನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಸ್ವಾಗತಿಸುವ ಭರದಲ್ಲಿ ಹಳ್ಳಿಯವರು ಸಿಹಿ ಮಾಡಿ ಬಡಿಸುತ್ತಾರೆ, ಉಂಡವರು ಕಾಲೆಳೆಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಬೆಳಿಗ್ಗೆ ನಮ್ಮ ಅಂಬಲಿಯಂಥ ರಾಬ್ ಮತ್ತು ಢೇಬ್ರಾ ಎಂಬ ಮಸಾಲೆ ರೊಟ್ಟಿ. ಮಧ್ಯಾಹ್ನ ಭಾಕರಿ, ಪಲ್ಯ, ಮಜ್ಜಿಗೆ ಅಥವಾ ಹಾಲು. ಸಂಜೆ ಮತ್ತೆ ಹೊರಡುವ ಮುನ್ನ ಹುರಿಗಡಲೆ ಮತ್ತು ಚುರುಮುರಿ. ರಾತ್ರಿ ಕಿಚಡಿ, ಪಲ್ಯ, ಮಜ್ಜಿಗೆ. ತುಪ್ಪ ಮೂರೂ ಹೊತ್ತು ಸೇರಿ ಒಬ್ಬರಿಗೆ ಮೂರು ತೊಲೆಗಿಂತ ಹೆಚ್ಚಿರಬಾರದು: ರಾಬಿಗೆ ಒಂದು, ಭಾಕರಿಗೆ ಒಂದು, ಕಿಚಡಿಗೆ ಒಂದು. ಎಂದರೆ ದಿನಕ್ಕೆ ೩೫ ಗ್ರಾಂ. ತಮಗೆ ಮೂರು ಹೊತ್ತು ಆಡಿನ ಹಾಲು, ಒಣದ್ರಾಕ್ಷಿ ಇಲ್ಲವೆ ಖರ್ಜೂರ, ಮೂರು ನಿಂಬೆಹಣ್ಣು ಸಿಕ್ಕರೆ ಸಾಕೆಂದರು.

ಈ ಪಟ್ಟಿಯನ್ನು ನಾವು ಮತ್ತೆ ಮತ್ತೆ ಓದಿದೆವು. ಓದಿದಷ್ಟೂ ಆ ಮನುಷ್ಯನ ನಲವತ್ತು ವರ್ಷದ ಅನುಭವ ಅದರಲ್ಲಿ ಕಾಣುತ್ತದೆ. ಬೆಳಗಿನ ಅಂಬಲಿಯಲ್ಲಿ ಹಿಟ್ಟೂ ಇದೆ, ನೀರೂ ಇದೆ; ಬಿಸಿಲಿಗೆ ಮೈ ಒಣಗುವುದಿಲ್ಲ. ಭಾರದ ಊಟ ಮಧ್ಯಾಹ್ನಕ್ಕೆ, ಅದರ ಮೇಲೆ ವಿಶ್ರಾಂತಿ. ಎರಡನೆಯ ನಡಿಗೆಗೆ ಮುಂಚೆ ಹಗುರವಾದ ಚುರುಮುರಿ ಪುಠಾಣಿ. ಅದು ಹೊಟ್ಟೆಯಲ್ಲಿ ಕೂಡುವುದಿಲ್ಲ. ರಾತ್ರಿ ಅಕ್ಕಿ ಬೇಳೆಗಳ ಕಿಚಡಿ ಹಗಲಿನಲ್ಲಿ ಖಾಲಿಯಾದ ಸ್ನಾಯುಗಳನ್ನು ಮತ್ತೆ ತುಂಬುತ್ತದೆ. ಗ್ಲೈಕೋಜನ್ ಎಂಬ ಹೆಸರನ್ನು ಎತ್ತದೆಯೇ ಅದರ ಕೆಲಸವನ್ನೆಲ್ಲ ಆ ಪಟ್ಟಿ ಮಾಡುತ್ತದೆ. ೧೯೧೮ರಲ್ಲಿ ತಾವು ತಿಂದ ಶೇಂಗಾದ ಬೆಣ್ಣೆಯನ್ನು ಅವರು ಯಾರಿಗೂ ಬರೆಯಲಿಲ್ಲ. ತಾವು ಬಿಟ್ಟಿದ್ದ ಹಾಲನ್ನು ಎಲ್ಲರಿಗೂ ಬರೆದರು.

ಉಪ್ಪಿನ ಮಾತೂ ಇದೆ. ಬಿಸಿಲಿನಲ್ಲಿ ದುಡಿಯುವವನ, ನಡೆಯುವವನ ಬೆವರಿನಲ್ಲಿ ಉಪ್ಪು ಹೋಗುತ್ತದೆ. ಬಡ ರೈತ ಕೂಲಿಕಾರರಿಗೇ ಉಪ್ಪು ಹೆಚ್ಚು ಬೇಕು, ಆದ್ದರಿಂದ ಉಪ್ಪಿನ ಕರ ಅವರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ ಎಂಬುದು ಗಾಂಧೀಜಿಯವರ ವಾದಗಳಲ್ಲೊಂದು. ವಿಚಿತ್ರವೆಂದರೆ, ದಕ್ಷಿಣ ಆಫ್ರಿಕಾದಲ್ಲಿ ಕಸ್ತೂರಬಾ ಅವರು ಕಾಯಿಲೆಯಿದ್ದಾಗ ಉಪ್ಪು ಬೇಳೆ ಬಿಡಿರೆಂದು ಇವರು ಹೇಳಿ, ನೀವಾದರೆ ಬಿಡುತ್ತಿದ್ದಿರಾ ಎಂದು ಅವರು ಕೇಳಿ, ಇವರು ಆ ಕ್ಷಣವೇ ಬಿಟ್ಟುಬಿಟ್ಟಿದ್ದರು. ತಾವು ವರ್ಷಗಟ್ಟಲೆ ಉಪ್ಪಿಲ್ಲದೆ ಉಂಡವರು ಪರರ ಉಪ್ಪಿಗಾಗಿ ಇಷ್ಟು ದೂರ ನಡೆದರು.

ಬೆಳಿಗ್ಗೆ ನಾಲ್ಕಕ್ಕೆ ಪ್ರಾರ್ಥನೆ, ಆರರ ಮೇಲೆ ನಡಿಗೆ. ದಿನಕ್ಕೆ ಎರಡು ಹಂತಗಳಲ್ಲಿ ಹತ್ತು ಹನ್ನೆರಡು ಮೈಲು. ಸೋಮವಾರ ಮೌನ ಮತ್ತು ವಿಶ್ರಾಂತಿ. ಗಾಂಧೀಜಿಯವರಿಗಾಗಿ ಒಂದು ಕುದುರೆಯನ್ನು ಹಿಂದೆ ತಂದಿದ್ದರು, ಅವರು ಹತ್ತಲಿಲ್ಲ. ಇಪ್ಪತ್ತು ಮೂವತ್ತು ವಯಸ್ಸಿನವರು ಕಾಲಿನಲ್ಲಿ ಗುಳ್ಳೆ ಎದ್ದು ಕುಂಟುವಾಗ ಮುದುಕರು ಮುಂದೆ ಮುಂದೆ ಹೋಗುತ್ತಿದ್ದರು. ಇಷ್ಟು ದೂರ ಮಕ್ಕಳಾಟವೆಂದು ತರುಣರನ್ನು ಹಾಸ್ಯ ಮಾಡಿದ್ದೂ ಉಂಟು.

ಅಚ್ಚು ಹಾಕಿಸಿದ ಪಟ್ಟಿ ಎಲ್ಲ ಕಡೆಯೂ ನಡೆಯಲಿಲ್ಲ. ಮಾರ್ಚ ೨೯ರಂದು ಭಾಟಗಾಮ್ ಎಂಬ ಹಳ್ಳಿಯಲ್ಲಿ ಅವರ ಸಿಟ್ಟು ಹೊರಬಿತ್ತು. ಸೂರತ್ತಿನಿಂದ ಲಾರಿಯಲ್ಲಿ ಹಾಲು, ತರಕಾರಿ ತರಿಸಿದ್ದರು. ರಾತ್ರಿಯ ನಡಿಗೆಗೆ ಬೆಳಕೆಂದು ಭಾರವಾದ ದೀಪವನ್ನು ಒಬ್ಬ ಬಡ ಕೂಲಿಯ ತಲೆಯ ಮೇಲೆ ಹೊರಿಸಿದ್ದರು. ಬಡವರ ಹೆಸರಿನಲ್ಲಿ ನಡೆಯುವವರು ಬಡವರಿಗೆ ಸಿಗದ್ದನ್ನು ತಿನ್ನುತ್ತಿದ್ದೇವಲ್ಲ ಎಂದು ತುಂಬಿದ ಸಭೆಯಲ್ಲಿ ತಮ್ಮನ್ನೂ ತಮ್ಮವರನ್ನೂ ಹಳಿದುಕೊಂಡರು. ಕೇಳಿದವರೆಲ್ಲ ತಲೆ ತಗ್ಗಿಸಿದರು.

ಏಪ್ರಿಲ್ ೫ರಂದು ದಾಂಡಿ ಮುಟ್ಟಿದರು. ೬ರ ಬೆಳಿಗ್ಗೆ ಉಪ್ಪು ಎತ್ತಿದರು. ಮೇ ೫ರ ನಡುರಾತ್ರಿ ಅವರನ್ನು ಬಂಧಿಸಿದ ಸುದ್ದಿ ಬಂದಾಗ ಸೊಲ್ಲಾಪುರದ ಗಿರಣಿಗಳು ನಿಂತವು, ಕೆಲವು ದಿನ ಊರು ಜನರ ಕೈಯಲ್ಲಿತ್ತು, ಸರ್ಕಾರ ಮಾರ್ಶಲ್ ಲಾ ಹೇರಿತು. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್ ಇವರನ್ನು ೧೯೩೧ರ ಜನವರಿ ೧೨ರಂದು ಗಲ್ಲಿಗೇರಿಸಿದರು. ಇವರ ಹೆಸರು ನಮ್ಮ ಮಕ್ಕಳಿಗೆ ಗೊತ್ತೇ ಇದೆ.

ಕಡೆಯ ದೊಡ್ಡ ನಡಿಗೆ ನೌಖಾಲಿಯದು. ೧೯೪೭ರ ಜನವರಿಯಿಂದ ಏಳು ವಾರ, ೭೭ರ ವಯಸ್ಸಿನಲ್ಲಿ, ಬರಿಗಾಲಿನಲ್ಲಿ ೪೭ ಹಳ್ಳಿಗಳಿಗೆ ೧೧೬ ಮೈಲು ನಡೆದರು. ಮತೀಯ ಗಲಭೆಯಿಂದ ಬೆಂದ ಆ ಹಳ್ಳಿಗಳ ಕಾಲುದಾರಿಗಳಲ್ಲಿ ಕೆಲವರು ಮುಳ್ಳು, ಹೊಲಸು ಚೆಲ್ಲಿದ್ದರು. ಊಟ ಆಗಲೂ ಅಷ್ಟೇ, ಹಾಲು, ಬೇಯಿಸಿದ ತರಕಾರಿ, ಹಣ್ಣು.

೧೯೪೮ರ ಜನವರಿ ೩೦ರ ಸಂಜೆ ನಾಲ್ಕೂವರೆಗೆ ದಿಲ್ಲಿಯ ಬಿರ್ಲಾ ಭವನದಲ್ಲಿ ಆಡಿನ ಹಾಲು, ಬೇಯಿಸಿದ ಮತ್ತು ಹಸಿಯ ತರಕಾರಿ, ಕಿತ್ತಳೆ ಹಣ್ಣು ಇಷ್ಟನ್ನು ಉಂಡರು. ಸರದಾರ ಪಟೇಲರೊಡನೆ ಮಾತು ಬೆಳೆದು ಪ್ರಾರ್ಥನೆಗೆ ಹತ್ತು ನಿಮಿಷ ತಡವಾಯಿತು. ಮನು ಮತ್ತು ಆಭಾ ಎಂಬ ಇಬ್ಬರು ಹೆಣ್ಣುಮಕ್ಕಳ ಹೆಗಲ ಮೇಲೆ ಕೈಯಿಟ್ಟು, ತಡವಾದದ್ದಕ್ಕೆ ಹುಲ್ಲಿನ ಮೇಲೆ ಹತ್ತಿರದ ದಾರಿ ಹಿಡಿದು ಬೇಗ ಬೇಗ ಹೆಜ್ಜೆ ಹಾಕಿದರು. ಆಭಾ ಅಂದು ಊಟಕ್ಕೆ ಹಸಿ ಗಜ್ಜರಿ ಕೊಟ್ಟಿದ್ದಳು. ದನದ ಮೇವು ತಿನ್ನಿಸಿದೆಯೆಂದು ಅವರು ಅವಳನ್ನು ಚೇಷ್ಟೆ ಮಾಡಿದರು. ಬಾ ಇದನ್ನು ಕುದುರೆಯ ಮೇವೆನ್ನುತ್ತಿದ್ದರಲ್ಲ ಎಂದು ಅವಳು ತೀರಿಹೋದ ಕಸ್ತೂರಬಾ ಅವರನ್ನು ನೆನಪಿಸಿದಳು. ಬೇರೆಯವರು ಮುಟ್ಟದ್ದನ್ನು ತಾವು ರುಚಿಪಟ್ಟು ತಿನ್ನುವುದು ದೊಡ್ಡದಲ್ಲವೇ ಎಂದು ನಗುತ್ತ ಅವರು ಪ್ರಾರ್ಥನೆಯ ಮೆಟ್ಟಿಲು ಹತ್ತಿದರು.